ಪಂಚರ್ ಆದರೆ ಯಾರನ್ನು ನಂಬೋದು? ಸ್ಟೆಪ್ನಿ, ಪಂಪು, ಪಂಚರ್ ಅಂಗಡಿ, ರಸ್ತೆ ನೆರವಿನ ಪ್ಲಾನ್: ಬೆಂಗಳೂರಿಗರಿಗೆ ಒಂದು ಹೋಲಿಕೆ

ಚಿಕ್ಕಮ್ಮನ ಮಗ ಹೊಸ ಕಾರು ತೆಗೆದುಕೊಂಡ. ಪೂಜೆ ಮಾಡಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿ, ಮನೆಗೆ ಬಂದು ಡಿಕ್ಕಿಯ ಹಲಗೆ ಎತ್ತಿ ನೋಡಿದರೆ ಸ್ಟೆಪ್ನಿ ಇಲ್ಲ. ಅದರ ಜಾಗದಲ್ಲಿ ಒಂದು ಪುಟ್ಟ ಪಂಪು, ಒಂದು ಬಾಟಲಿ ಅಂಟುದ್ರವ. "ಅಣ್ಣ, ನನಗೆ ಮೋಸ ಆಯ್ತಾ?" ಎಂದು ಅವತ್ತೇ ಫೋನ್ ಮಾಡಿದ. ಮೋಸ ಅಲ್ಲ. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ತಂದಿತು. ಕಾರಿಗೆ ಟ್ಯೂಬ್‌ಲೆಸ್ ಟಯರ್ ಇದ್ದು, ಗಾಳಿ ಕಡಿಮೆಯಾದರೆ ತಿಳಿಸುವ ಸೆನ್ಸರ್ ಮತ್ತು ರಿಪೇರಿ ಕಿಟ್ ಕೊಟ್ಟರೆ ಸ್ಟೆಪ್ನಿ ಕೊಡಲೇಬೇಕು ಎಂದಿಲ್ಲ.

ಅದೇ ವಾರ ಅಕ್ಕ ಕೇಳಿದಳು. ಅವಳು ಬನಶಂಕರಿಯಿಂದ ಮಾರತ್ತಹಳ್ಳಿಗೆ ಸ್ಕೂಟರ್‌ನಲ್ಲಿ ಓಡಾಡುತ್ತಾಳೆ, ಬರುವಾಗ ರಾತ್ರಿ ಒಂಬತ್ತಾಗುತ್ತದೆ. ವರ್ಷಕ್ಕೆ ದುಡ್ಡು ಕಟ್ಟಿದರೆ ಗಾಡಿ ನಿಂತ ಕಡೆಗೆ ನೆರವು ಕಳಿಸುವ ರಸ್ತೆ ನೆರವಿನ ಪ್ಲಾನ್ ತಗೊಳ್ಳಬೇಕಾ ಎನ್ನುವುದು ಅವಳ ಪ್ರಶ್ನೆ. ಅಪ್ಪನದ್ದು ಮೂರನೆಯ ಕಥೆ. ಹದಿಮೂರು ವರ್ಷದ ಹಳೇ ಕಾರು, ತಿಂಗಳಿಗೊಮ್ಮೆ ಚನ್ನಪಟ್ಟಣದ ಹತ್ತಿರದ ಊರಿಗೆ ಹೋಗಿ ಬರುತ್ತಾರೆ. "ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು" ಎಂದು ಯಾವುದೂ ಬೇಡ ಅನ್ನುತ್ತಾರೆ.

ಮೂವರಿಗೂ ಒಂದೇ ಉತ್ತರ ಕೊಡಲು ಆಗಲಿಲ್ಲ. ಈ ಬರಹ ಆ ಮೂರು ಉತ್ತರಗಳಿಂದಲೇ ಹುಟ್ಟಿದ್ದು.

ಯಾವುದರ ಮೇಲೆ ತೂಗಬೇಕು

ಹೆಚ್ಚಿನವರು ಮೊದಲು ಬೆಲೆ ನೋಡುತ್ತಾರೆ. ನನ್ನ ಪ್ರಕಾರ ಬೆಲೆ ಕೊನೆಗೆ. ಮೊದಲು ನೋಡಬೇಕಾದ್ದು ಗಾಡಿ ಎಲ್ಲಿ ನಿಲ್ಲುವ ಸಾಧ್ಯತೆ ಜಾಸ್ತಿ ಎಂಬುದನ್ನು. ಜಯನಗರದ ಒಳರಸ್ತೆಯಲ್ಲಿ ಟಯರ್ ಇಳಿದರೆ ಅದು ಬರೀ ಕಿರಿಕಿರಿ. ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆ ಮೇಲೆ, ಹೆಬ್ಬಾಳದ ಫ್ಲೈಓವರ್ ಇಳಿಜಾರಲ್ಲಿ ಇಳಿದರೆ ಅದು ಅಪಾಯ. ಅಲ್ಲಿ ಚಕ್ರ ಬಿಚ್ಚಿ ಕೂರುವುದು ಯಾರಿಗೂ ಬೇಡ.

ಆಮೇಲೆ ಹೊತ್ತು ಮತ್ತು ಜನ. ರಾತ್ರಿ ಹತ್ತರ ಮೇಲೆ ಓಡಾಡುತ್ತೀರಾ? ಒಬ್ಬರೇನಾ? ಜೊತೆಗೆ ಮಕ್ಕಳು, ವಯಸ್ಸಾದವರು ಇರುತ್ತಾರಾ? ಆಮೇಲೆ ಗಾಡಿ: ಟ್ಯೂಬ್ ಇದೆಯಾ, ಟ್ಯೂಬ್‌ಲೆಸ್ಸಾ, ಸ್ಟೆಪ್ನಿ ಇದೆಯಾ, ಆಟೋಮ್ಯಾಟಿಕ್ಕಾ, ಎಲೆಕ್ಟ್ರಿಕ್ಕಾ, ವಯಸ್ಸೆಷ್ಟು. ಎಷ್ಟು ಹೊತ್ತು ಕಾಯಲು ಆಗುತ್ತದೆ ಎನ್ನುವುದೂ ಮುಖ್ಯ. ಕ್ಯಾಬ್ ಓಡಿಸುವವರಿಗೆ ಒಂದು ಗಂಟೆ ಎಂದರೆ ಒಂದು ಟ್ರಿಪ್ಪಿನ ದುಡ್ಡು. ಕೊನೆಗೆ, ಮಾಡಿದ ರಿಪೇರಿ ಬಾಳಿಕೆ ಬರುತ್ತದಾ, ನಾಳೆ ಮತ್ತೆ ಅದೇ ಕಥೆಯಾ?

ಪಂಚರ್ ಬೇರೆ, ಗಾಡಿ ಕೆಟ್ಟು ನಿಲ್ಲುವುದು ಬೇರೆ. ಪಂಚರಿಗೆ ಬೇಕಾದ್ದನ್ನು ನೀವೇ ಗಾಡಿಯಲ್ಲಿ ಇಟ್ಟುಕೊಳ್ಳಬಹುದು. ಕ್ಲಚ್ ಹೋದರೆ, ಎಂಜಿನ್ ಬಿಸಿಯಾಗಿ ನಿಂತರೆ ಡಿಕ್ಕಿಯಲ್ಲಿರುವ ಯಾವ ಸಾಮಾನೂ ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ಫೋನಿನಲ್ಲಿ ಒಂದು ನಂಬರ್ ಬೇಕು. ಎರಡನ್ನೂ ಒಂದರಲ್ಲೇ ಮುಗಿಸಲು ಹೋದಾಗಲೇ ಜನ ತಪ್ಪು ಆಯ್ಕೆ ಮಾಡುತ್ತಾರೆ.

ರಸ್ತೆ ಬದಿಯ ಪಂಚರ್ ಅಂಗಡಿ

ಈ ಊರಿನಲ್ಲಿ ಇದಕ್ಕಿಂತ ಹತ್ತಿರದ ನೆರವು ಇನ್ನೊಂದಿಲ್ಲ. ಕಂಬಕ್ಕೆ ನೇತುಹಾಕಿದ ಹಳೇ ಟಯರ್ ಕಂಡರೆ ಸಾಕು, ಅಲ್ಲೊಂದು ಅಂಗಡಿ ಇದೆ ಎಂದು ಅರ್ಥ. ಒಂದು ಕಂಪ್ರೆಸರ್, ನೀರಿನ ಬಾನಿ, ಸೊಲ್ಯೂಷನ್ ಡಬ್ಬಿ. ಇಷ್ಟರಲ್ಲೇ ದಿನಕ್ಕೆ ಎಷ್ಟೋ ಜನರನ್ನು ಮನೆ ಮುಟ್ಟಿಸುವ ಕೆಲಸ ಅದು. ನಮ್ಮ ಏರಿಯಾದಲ್ಲಿ ಒಂದು ತೂತಿಗೆ ಸ್ಕೂಟರ್ ಆದರೆ ನೂರರಿಂದ ನೂರೈವತ್ತು, ಕಾರಿನ ಟ್ಯೂಬ್‌ಲೆಸ್ ಟಯರ್ ಆದರೆ ನೂರೈವತ್ತರಿಂದ ಇನ್ನೂರು ಕೊಡುತ್ತೇನೆ. ಹತ್ತು ಹದಿನೈದು ನಿಮಿಷದ ಕೆಲಸ.

ಅಲ್ಲಿ ಹಾಕುವುದು ಸ್ಟ್ರಿಪ್. ಮೊಳೆ ಕಿತ್ತು, ತೂತನ್ನು ಸೂಜಿಯಿಂದ ಉಜ್ಜಿ, ಅಂಟಿನ ರಬ್ಬರ್ ಪಟ್ಟಿಯನ್ನು ಹೊರಗಿನಿಂದಲೇ ಒಳಗೆ ತಳ್ಳುತ್ತಾರೆ. ಊರೊಳಗಿನ ಓಡಾಟಕ್ಕೆ ಇದು ಸಾಕು. ಹೈವೇಯಲ್ಲಿ ಜಾಸ್ತಿ ಓಡಾಡುವವರು ದೊಡ್ಡ ಟಯರ್ ಅಂಗಡಿಯಲ್ಲಿ ಮಶ್ರೂಮ್ ಪ್ಯಾಚ್ ಹಾಕಿಸುವುದು ಒಳ್ಳೆಯದು. ಟಯರ್ ಅನ್ನು ರಿಮ್‌ನಿಂದ ಬಿಡಿಸಿ, ಒಳಗಿನಿಂದ ಅಣಬೆ ಆಕಾರದ ತುಂಡನ್ನು ಅಂಟಿಸುತ್ತಾರೆ. ಖರ್ಚು ಎರಡು ಮೂರು ಪಟ್ಟು, ಆದರೆ ಟಯರ್ ಇರುವವರೆಗೂ ಬಾಳುತ್ತದೆ. ಟಯರ್ ಒಳಗಡೆ ಏನಾದರೂ ಹರಿದಿದೆಯಾ ಎಂಬುದೂ ಆಗ ಕಣ್ಣಿಗೆ ಬೀಳುತ್ತದೆ. ಎರಡೂ ವಿಧಾನ ನೆಲ ಮುಟ್ಟುವ ಭಾಗದ ಸಣ್ಣ ತೂತಿಗೆ ಮಾತ್ರ, ಸುಮಾರು 6 ಮಿಲಿಮೀಟರ್‌ವರೆಗೆ. ಕಂಪನಿ ಹೆಸರು ಬರೆದಿರುವ ಪಕ್ಕದ ಭಾಗ, ಅಂದರೆ ಸೈಡ್‌ವಾಲ್ ಸೀಳಿದ್ದರೆ ಯಾವ ಪ್ಯಾಚೂ ಬೇಡ. "ಹಾಕ್ಕೊಡ್ತೀನಿ ಬಿಡಿ ಸಾರ್" ಅಂದರೂ ಬೇಡ. ಆ ಟಯರ್ ಬದಲಾಯಿಸಲೇಬೇಕು.

ಈಗ ನೋವಿನ ಮಾತು. ಎರಡು ವರ್ಷದ ಹಿಂದೆ ರಿಂಗ್ ರೋಡಿನಲ್ಲಿ, ಬೆಳ್ಳಂದೂರು ದಾಟುವಾಗ ಹಿಂದಿನ ಟಯರ್ ಮೆತ್ತಗಾಯಿತು. ನೂರು ಮೀಟರ್ ದೂರದಲ್ಲೇ ಅಂಗಡಿ. ನಾನು ಫೋನಿನಲ್ಲಿ ಆಫೀಸಿಗೆ ವಿಷಯ ತಿಳಿಸಿ ತಿರುಗುವಷ್ಟರಲ್ಲಿ "ಐದು ಪಂಚರ್ ಇದೆ" ಎಂದರು. ಸಾವಿರದ ಹತ್ತಿರ ಬಿಲ್ಲು. ಬಂದಿದ್ದ ಮೊಳೆ ಒಂದೇ. ಉಳಿದ ತೂತುಗಳು ಅಲ್ಲೇ ಆದವು ಎಂದು ನನಗೆ ಅನುಮಾನ, ಆದರೆ ನಾನು ನೋಡಲಿಲ್ಲವಲ್ಲ! ರಿಂಗ್ ರೋಡಿನ ಮೊಳೆಗಳ ಕಥೆ ಹೊಸದೇನಲ್ಲ. ಇದೇ ರಸ್ತೆಯಲ್ಲಿ ಒಬ್ಬ ನಾಗರಿಕರು ವರ್ಷಗಟ್ಟಲೆ ಕೋಲಿಗೆ ಅಯಸ್ಕಾಂತ ಕಟ್ಟಿಕೊಂಡು ಕಿಲೋಗಟ್ಟಲೆ ಮೊಳೆ ಎತ್ತಿದ್ದಾರೆ. ಅವರ ಕೆಲಸ ಸುದ್ದಿಯಾದ ಮೇಲೆ ಪೊಲೀಸರೂ ಗಮನ ಕೊಟ್ಟರು. ಎಲ್ಲ ಅಂಗಡಿಯವರೂ ಹೀಗಲ್ಲ. ಮಳೆಯಲ್ಲಿ ನೆನೆಯುತ್ತಾ ನನ್ನ ಗಾಡಿ ಸರಿಮಾಡಿ, ಗಾಳಿಗೆ ದುಡ್ಡು ಬೇಡ ಅಂದವರೂ ಇದೇ ಕೆಲಸದವರು.

ಆದ್ದರಿಂದ ಗೊತ್ತಿಲ್ಲದ ಅಂಗಡಿಯಲ್ಲಿ ಟಯರಿನ ಪಕ್ಕ ಬಿಟ್ಟು ಕದಲಬೇಡಿ. ಕೆಲಸ ಶುರುವಾಗುವ ಮೊದಲೇ "ಒಂದಕ್ಕೆ ಎಷ್ಟು?" ಎಂದು ಕೇಳಿ. ಸೋಪಿನ ನೀರು ಹಾಕಿಸಿ, ಗುಳ್ಳೆ ಬರುವ ಜಾಗವನ್ನು ನಿಮ್ಮ ಕಣ್ಣಲ್ಲೇ ನೋಡಿ, ಆಮೇಲೆ ಸೂಜಿ ಹಾಕಲಿ. ವಾಲ್ವ್ ಬಾಯಿಗೂ ಸೋಪಿನ ನೀರು ಹಚ್ಚಿಸಿ. ಎಷ್ಟೋ ಸಲ ತೂತೇ ಇರುವುದಿಲ್ಲ, ವಾಲ್ವ್ ಪಿನ್ ಸೋರುತ್ತಿರುತ್ತದೆ.

ಇನ್ನೊಂದು ಕೊರತೆ ಹೊತ್ತಿನದು. ರಾತ್ರಿ ಒಂಬತ್ತು ಹತ್ತರ ಹೊತ್ತಿಗೆ ಹೆಚ್ಚಿನ ಅಂಗಡಿಗಳು ಮುಚ್ಚುತ್ತವೆ. ಅಕ್ಕ ಮನೆಗೆ ಹೊರಡುವ ಸಮಯವೇ ಅದು.

ಸ್ಟೆಪ್ನಿ ಮತ್ತು ನಿಮ್ಮ ಎರಡು ಕೈ

ಸ್ಟೆಪ್ನಿ ಎನ್ನುವುದು ಒಂದು ಬೀದಿಯ ಹೆಸರು. ವೇಲ್ಸ್‌ನ ಲನೆಲಿ ಊರಿನ ಸ್ಟೆಪ್ನಿ ಸ್ಟ್ರೀಟಿನಲ್ಲಿ 1904ರ ಸುಮಾರಿಗೆ ಹೆಚ್ಚುವರಿ ಚಕ್ರ ತಯಾರಿಸಿ ಮಾರಿದರು. ಆಗಿನ ಕಾರುಗಳಿಗೆ ಹೆಚ್ಚುವರಿ ಚಕ್ರವೇ ಇರುತ್ತಿರಲಿಲ್ಲ. ಆ ಹೆಸರು ನಮ್ಮ ಬಾಯಲ್ಲಿ ಇನ್ನೂ ಹಾಗೇ ಉಳಿದಿದೆ.

ಟಯರ್ ಸೀಳಿದರೂ, ಗುಂಡಿಗೆ ಬಿದ್ದು ರಿಮ್ ಬಗ್ಗಿದರೂ ಕಾಪಾಡುವುದು ಇದೊಂದೇ. ಪಂಪು, ಅಂಟುದ್ರವ, ಸ್ಟ್ರಿಪ್ ಯಾವುದೂ ಅಲ್ಲಿ ನಡೆಯುವುದಿಲ್ಲ. ಬೆಂಗಳೂರಿನ ಗುಂಡಿಗಳನ್ನು ನೋಡಿದರೆ ಇದು ಸಣ್ಣ ಮಾತಲ್ಲ. ಅದಕ್ಕೇ ಕಾರು ಕೊಳ್ಳುವಾಗ ಒಂದು ಮಾಡೆಲ್‌ನಲ್ಲಿ ಸ್ಟೆಪ್ನಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಹೈವೇ ಓಡಾಟ ಇರುವವರಿಗೆ ಸ್ಟೆಪ್ನಿ ಇರುವುದನ್ನೇ ನಾನು ಹೇಳುತ್ತೇನೆ. ಕೆಲವು ಕಾರುಗಳಲ್ಲಿ ತೆಳ್ಳಗಿನ ಚಿಕ್ಕ ಚಕ್ರ ಕೊಡುತ್ತಾರೆ. ಅದರ ಮೇಲೆ ಗಂಟೆಗೆ 80 ಕಿ.ಮೀ. ದಾಟಬಾರದು ಎಂದು ಬರೆದಿರುತ್ತದೆ. ಅದು ಪಂಚರ್ ಅಂಗಡಿ ಮುಟ್ಟಿಸಲು ಇರುವುದು, ಊರು ಮುಟ್ಟಿಸಲು ಅಲ್ಲ.

ಸಮಸ್ಯೆ ಇರುವುದು ಬದಲಾಯಿಸುವುದರಲ್ಲಿ. ಟಯರ್ ಅಂಗಡಿಯಲ್ಲಿ ಗಾಳಿಯ ಗನ್‌ನಿಂದ ನಟ್ಟು ಬಿಗಿದಿರುತ್ತಾರೆ. ಕಾರಿನ ಜೊತೆ ಬರುವ ಗಿಡ್ಡ ಸ್ಪ್ಯಾನರ್‌ನಿಂದ ಅದು ಅಲ್ಲಾಡುವುದಿಲ್ಲ. ಇದು ರಸ್ತೆಯಲ್ಲಿ ಗೊತ್ತಾಗಬಾರದು, ಮನೆಯ ಮುಂದೆ ಗೊತ್ತಾಗಬೇಕು. ಒಂದು ಭಾನುವಾರ ಅರ್ಧ ಗಂಟೆ ಕೊಟ್ಟು ಒಂದು ಚಕ್ರ ಬಿಚ್ಚಿ ಹಾಕಿ ನೋಡಿ. ಆಗದಿದ್ದರೆ ಉದ್ದ ಹಿಡಿಯ ಸ್ಪ್ಯಾನರ್ ತನ್ನಿ. ಹ್ಯಾಂಡ್‌ಬ್ರೇಕ್ ಎಳೆದು, ಎದುರು ಚಕ್ರಕ್ಕೆ ಕಲ್ಲು ಕೊಡಿ. ಜಾಕ್ ಎತ್ತುವ ಮೊದಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲ ಮಾಡಿ. ಮತ್ತೆ ಹಾಕುವಾಗ ಒಂದರ ಎದುರು ಒಂದರಂತೆ ಬಿಗಿಯಿರಿ. ಕಾರನ್ನು ಜಾಕ್ ಮೇಲೆ ಬಿಟ್ಟು ಅಡಿಗೆ ಕೈ ಕಾಲು ಹಾಕಲೇಬೇಡಿ.

ಸೊಂಟ ನೋವಿರುವವರು, ವಯಸ್ಸಾದವರು ಇದನ್ನು ಮೊದಲ ಆಯ್ಕೆ ಮಾಡಿಕೊಳ್ಳುವುದು ಬೇಡ. ಸ್ಟೆಪ್ನಿ ಇರಲಿ, ಹಾಕಲು ಬೇರೆಯವರು ಬರಲಿ. ಆಟೋ, ಕ್ಯಾಬ್ ಚಾಲಕರಿಗೆ ಮಾತ್ರ ಇದಕ್ಕಿಂತ ಬೇಗದ ದಾರಿ ಇಲ್ಲ. ಅವರಲ್ಲಿ ಹೆಚ್ಚಿನವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ಗಾಳಿ ಪಂಪು

ಒಂದೇ ಒಂದು ವಸ್ತುವಿಗೆ ದುಡ್ಡು ಇದೆ ಅಂದರೆ ಇದನ್ನೇ ತಗೊಳ್ಳಿ ಎನ್ನುತ್ತೇನೆ. ಕಾರಣ ಹೇಳುತ್ತೇನೆ.

ಟ್ಯೂಬ್‌ಲೆಸ್ ಟಯರಿಗೆ ಮೊಳೆ ಚುಚ್ಚಿದರೆ ಗಾಳಿ ಒಮ್ಮೆಲೇ ಹೋಗುವುದು ಅಪರೂಪ. ಮೊಳೆಯೇ ತೂತಿಗೆ ಬಿರಡೆಯ ಹಾಗೆ ಕೂತಿರುತ್ತದೆ. ರಾತ್ರಿಯಿಡೀ ಸೋರಿ ಬೆಳಗ್ಗೆ ಗಾಳಿಯ ಒತ್ತಡ 33 ಪಿಎಸ್‌ಐ ಇದ್ದದ್ದು 20ಕ್ಕೆ ಇಳಿದಿರುತ್ತದೆ, ಅಷ್ಟೇ. ಆ ಹೊತ್ತಿನಲ್ಲಿ ಮೊಳೆ ಕೀಳಬೇಡಿ. ಗಾಳಿ ತುಂಬಿಸಿ, ನಿಧಾನವಾಗಿ ಓಡಿಸಿ, ನಿಮಗೆ ಗೊತ್ತಿರುವ ಅಂಗಡಿಗೆ ಹೋಗಿ. ಕತ್ತಲಾದರೆ ಮನೆಗೇ ಹೋಗಿ, ಬೆಳಗ್ಗೆ ನೋಡಿಕೊಳ್ಳಿ. ಬೆಳ್ಳಂದೂರಿನಲ್ಲಿ ನನ್ನ ಬಳಿ ಪಂಪು ಇದ್ದಿದ್ದರೆ ನಾನು ಆ ಅಂಗಡಿಗೆ ಹೋಗಬೇಕಾದ ಅಗತ್ಯವೇ ಇರಲಿಲ್ಲ. ಎಲ್ಲಿ ರಿಪೇರಿ ಮಾಡಿಸಬೇಕು ಎನ್ನುವ ಆಯ್ಕೆ ನನ್ನ ಕೈಯಲ್ಲೇ ಇರುತ್ತಿತ್ತು.

ಎರಡು ಬಗೆ ಇವೆ. ಕಾರಿನ 12 ವೋಲ್ಟ್ ಸಾಕೆಟ್‌ಗೆ ಚುಚ್ಚುವುದು ಒಂದು. ಸಾವಿರದ ಐನೂರರಿಂದ ಎರಡೂವರೆ ಸಾವಿರದೊಳಗೆ ಒಳ್ಳೆಯದೇ ಸಿಗುತ್ತದೆ, ಕಾರು ಇರುವವರೆಗೂ ಕರೆಂಟ್ ಇದ್ದೇ ಇರುತ್ತದೆ. ಕಾರಿಗೆ ನಾನು ಹೇಳುವುದು ಇದನ್ನೇ. ಬ್ಯಾಟರಿ ಇರುವ ಕೈಪಂಪು ಇನ್ನೊಂದು. ಇದು ಸ್ವಲ್ಪ ದುಬಾರಿ, ಆದರೆ ಸ್ಕೂಟರ್, ಬೈಕಿಗೂ ಆಗುತ್ತದೆ. ಇದರ ತೊಂದರೆ ಒಂದೇ: ಆರು ತಿಂಗಳು ಮರೆತು ಬಿಟ್ಟರೆ ಬೇಕಾದ ದಿನ ಚಾರ್ಜ್ ಇರುವುದಿಲ್ಲ. ಬಿಸಿಲಲ್ಲಿ ನಿಂತ ಕಾರಿನೊಳಗೆ ವರ್ಷಗಟ್ಟಲೆ ಇಡುವುದೂ ಒಳ್ಳೆಯದಲ್ಲ. ಒತ್ತಡ ಇಷ್ಟಾದಾಗ ತಾನೇ ನಿಲ್ಲುವ ಮಾದರಿ ನೋಡಿ ತಗೊಳ್ಳಿ. ಎಷ್ಟು ತುಂಬಬೇಕು ಎನ್ನುವುದು ಕಾರಿನಲ್ಲಿ ಚಾಲಕರ ಬಾಗಿಲಿನ ಚೌಕಟ್ಟಿನಲ್ಲೋ ಪೆಟ್ರೋಲ್ ಮುಚ್ಚಳದ ಒಳಗೋ ಬರೆದಿರುತ್ತದೆ.

ಪಂಚರ್ ಇಲ್ಲದ ದಿನವೂ ಪಂಪು ದುಡಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಬೆಳಗ್ಗೆ, ಟಯರ್ ತಣ್ಣಗಿರುವಾಗ, ಮನೆ ಬಾಗಿಲಲ್ಲೇ ಗಾಳಿ ನೋಡಿಕೊಳ್ಳಬಹುದು. ಬಂಕಿನಲ್ಲಿ ಗಾಳಿ ಉಚಿತ, ನಿಜ. ಆದರೆ ಅಲ್ಲಿಗೆ ಮುಟ್ಟುವ ಹೊತ್ತಿಗೆ ಟಯರ್ ಬಿಸಿಯಾಗಿ ಲೆಕ್ಕ ಜಾಸ್ತಿ ತೋರಿಸುತ್ತದೆ.

ಜೊತೆಗೆ ಮುನ್ನೂರು ನಾನೂರು ರೂಪಾಯಿಯ ಸ್ಟ್ರಿಪ್ ಕಿಟ್ ಬೇಕಾ? ಬೈಕಿನಲ್ಲಿ ದೂರ ಹೋಗುವವರಿಗೆ ಖಂಡಿತ ಬೇಕು. ನಂದಿಬೆಟ್ಟಕ್ಕೆ ಮುಂಜಾನೆ ನಾಲ್ಕಕ್ಕೆ ಹೊರಟವರಿಗೆ ಯಾವ ಅಂಗಡಿ ತೆರೆದಿರುತ್ತದೆ ಹೇಳಿ? ಆದರೆ ಸೂಜಿ ತಳ್ಳಲು ಒಳ್ಳೆಯ ಕಸುವು ಬೇಕು. ಕಾರಿನ ದಪ್ಪ ಟಯರಿಗೆ ಮೊದಲ ಸಲ ಪ್ರಯತ್ನಿಸಿದಾಗ ನನಗೆ ಬೆವರು ಕಿತ್ತುಬಂತು. ಹಳೇ ಟಯರ್ ಮೇಲೆ ಒಮ್ಮೆ ಕಲಿತುಕೊಂಡೇ ಇದನ್ನು ನಂಬಿ.

ಟ್ಯೂಬ್ ಟಯರ್ ಇರುವವರಿಗೆ ಪಂಪಿನ ಲಾಭ ಕಡಿಮೆ. ಕಡ್ಡಿ ಚಕ್ರದ ಬೈಕುಗಳಲ್ಲಿ ಹೆಚ್ಚಿನವಕ್ಕೆ ಟ್ಯೂಬೇ ಇರುತ್ತದೆ. ಟ್ಯೂಬ್ ತೂತಾದರೆ ಗಾಳಿ ನಿಮಿಷಗಳಲ್ಲಿ ಖಾಲಿ. ಅಂಥವರು ಒಂದು ಹೊಸ ಟ್ಯೂಬ್ ಸೀಟಿನ ಕೆಳಗೋ ಬ್ಯಾಗಿನಲ್ಲೋ ಇಟ್ಟುಕೊಳ್ಳಲಿ. ಹೈವೇ ಬದಿಯ ಅಂಗಡಿಯಲ್ಲಿ ನಿಮ್ಮ ಅಳತೆಯ ಟ್ಯೂಬ್ ಇರದೇ ಹೋಗಬಹುದು.

ಅಂಟುದ್ರವ, ಮನೆಗೇ ಬರುವ ಪಂಚರ್ ಸೇವೆ

ಸೀಲಂಟ್ ಅನ್ನುವ ಅಂಟುದ್ರವವನ್ನು ಮೊದಲೇ ಟಯರ್ ಒಳಗೆ ತುಂಬಿಸಿದರೆ ಸಣ್ಣ ತೂತನ್ನು ಅದೇ ಮುಚ್ಚುತ್ತದೆ. ದಿನಾ ಕಟ್ಟಡ ಕೆಲಸ ನಡೆಯುವ ರಸ್ತೆಗಳಲ್ಲಿ ಓಡಾಡುವ ಟ್ಯೂಬ್‌ಲೆಸ್ ಸ್ಕೂಟರಿಗೆ ಇದು ಒಳ್ಳೆಯ ಆಯ್ಕೆ. ಅಕ್ಕನ ಸ್ಕೂಟರಿಗೆ ಹಾಕಿಸಿದ್ದೇನೆ. ಕಾರಿಗೆ ಹಾಕಿಸಿಲ್ಲ. ವೇಗದಲ್ಲಿ ಚಕ್ರದ ಸಮತೋಲ ಕೆಡಬಹುದು, ಒತ್ತಡದ ಸೆನ್ಸರ್ ಮೇಲೆ ಮೆತ್ತಿಕೊಳ್ಳಬಹುದು, ಆಮೇಲೆ ಪ್ಯಾಚ್ ಹಾಕುವವರಿಗೆ ಒಳಗೆಲ್ಲ ಒರೆಸುವ ಕೆಲಸ. ತಮ್ಮನ ಕಾರಿನ ಜೊತೆ ಬಂದ ಬಾಟಲಿಯನ್ನು ಬೇರೆ ದಾರಿಯೇ ಇಲ್ಲದಾಗ ಮಾತ್ರ ಬಳಸಲಿ. ಅದರ ಮೇಲೆ ಬಳಕೆಯ ಕೊನೆ ದಿನಾಂಕವೂ ಇರುತ್ತದೆ, ನೋಡಿಕೊಳ್ಳಲಿ.

ಫೋನ್ ಮಾಡಿದರೆ ಬೈಕಿನಲ್ಲೋ ವ್ಯಾನಿನಲ್ಲೋ ಬಂದು ಪಂಚರ್ ಹಾಕುವವರು ಈಗ ಬಹಳ ಇದ್ದಾರೆ. ಬೆಳಗ್ಗೆ ಎದ್ದು ನೋಡಿದಾಗ ಬೇಸ್‌ಮೆಂಟಿನಲ್ಲಿ ಟಯರ್ ನೆಲಕ್ಕೆ ಕೂತಿದ್ದರೆ ಇವರೇ ಸರಿ. ಅಂಗಡಿಗಿಂತ ಇನ್ನೂರು ಮುನ್ನೂರು ಜಾಸ್ತಿ ಆಗುತ್ತದೆ, ರಾತ್ರಿಯಾದರೆ ಇನ್ನೂ ಜಾಸ್ತಿ. ಆದರೆ ನಂಬರನ್ನು ತೊಂದರೆಯಾದ ಹೊತ್ತಿನಲ್ಲಿ ಇಂಟರ್ನೆಟ್ಟಿನಲ್ಲಿ ಹುಡುಕಬೇಡಿ. ಹಾಗೆ ಸಿಗುವ ನಂಬರುಗಳಲ್ಲಿ ಎಷ್ಟೋ ಯಾವುದೋ ಊರಿನ ಕಾಲ್ ಸೆಂಟರಿಗೆ ಹೋಗುತ್ತವೆ. ಮುಂಗಡ ದುಡ್ಡು ಕಳಿಸಿ ಅಂದರೆ ಫೋನ್ ಇಡಿ. ನಿಮ್ಮ ಮನೆ ಹತ್ತಿರದ ಪಂಚರ್ ಅಂಗಡಿಯವರನ್ನೇ ಕೇಳಿ. "ಫೋನ್ ಮಾಡಿದರೆ ಬರ್ತೀರಾ ಅಣ್ಣ?" ಎಂದರೆ ಅನೇಕರು ನಂಬರ್ ಕೊಡುತ್ತಾರೆ.

ವರ್ಷದ ರಸ್ತೆ ನೆರವಿನ ಪ್ಲಾನ್

ಇದು ಮೂರು ಕಡೆಯಿಂದ ಸಿಗುತ್ತದೆ. ಹೊಸ ಗಾಡಿಯ ಜೊತೆ ಕಂಪನಿಯೇ ಕೊಡುವುದು, ವಿಮೆಯ ಜೊತೆ ಆಡ್-ಆನ್ ಆಗಿ ಬರುವುದು, ಬೇರೆ ಸಂಸ್ಥೆಗಳಿಂದ ಪ್ರತ್ಯೇಕವಾಗಿ ಕೊಳ್ಳುವುದು. ದುಡ್ಡು ಕಟ್ಟುವ ಮೊದಲು ನಿಮ್ಮ ಬಳಿ ಆಗಲೇ ಯಾವುದು ಇದೆ ನೋಡಿ. ತಮ್ಮನ ಹೊಸ ಕಾರಿಗೆ ಕಂಪನಿಯದ್ದೂ ಇತ್ತು, ವಿಮೆಯಲ್ಲೂ ಇತ್ತು. ಅವನು ಮೂರನೆಯದನ್ನು ಕೊಳ್ಳಲು ಹೊರಟಿದ್ದ.

ಗಾಡಿ ಹೊಸದಾದರೆ ಕಂಪನಿಯದ್ದು ಒಳ್ಳೆಯದು. ಅವರದೇ ಸರ್ವಿಸ್ ಸೆಂಟರಿಗೆ ಸಾಗಿಸುತ್ತಾರೆ, ವಾರಂಟಿಗೆ ತಕರಾರು ಬರುವುದಿಲ್ಲ. ವಿಮೆಯ ಆಡ್-ಆನ್ ಎಲ್ಲಕ್ಕಿಂತ ಅಗ್ಗ, ಸಾಮಾನ್ಯವಾಗಿ ಕೆಲವು ನೂರು ರೂಪಾಯಿ. ಪ್ರತ್ಯೇಕ ಪ್ಲಾನ್ ದುಬಾರಿ, ಆದರೆ ವಾರಂಟಿ ಮುಗಿದ ಹಳೇ ಗಾಡಿಗೆ ಅದರ ಅಗತ್ಯ ಬೀಳುತ್ತದೆ.

ಇಲ್ಲಿ ಸಣ್ಣ ಅಕ್ಷರ ಓದಲೇಬೇಕು. "ಟಯರ್ ನೆರವು" ಅಂದರೆ ಬಹಳಷ್ಟು ಪ್ಲಾನ್‌ಗಳಲ್ಲಿ ನಿಮ್ಮ ಸ್ಟೆಪ್ನಿ ಹಾಕಿಕೊಡುವುದು ಎಂದೇ ಅರ್ಥ, ಪಂಚರ್ ಹಾಕುವುದಲ್ಲ. ಸ್ಟೆಪ್ನಿಯಲ್ಲಿ ಗಾಳಿ ಇಲ್ಲದಿದ್ದರೆ ಬಂದವರು ಚಕ್ರ ಬಿಚ್ಚಿ ಹತ್ತಿರದ ಅಂಗಡಿಗೆ ಒಯ್ಯಬೇಕು, ಅದರ ಖರ್ಚು ನಿಮ್ಮದು. ಟೋಯಿಂಗ್ ಎಷ್ಟು ಕಿಲೋಮೀಟರ್‌ವರೆಗೆ ಉಚಿತ, ವರ್ಷಕ್ಕೆ ಎಷ್ಟು ಸಲ, ಕೊಂಡ ಎಷ್ಟು ದಿನದ ಮೇಲೆ ಶುರು, ಎಷ್ಟು ವರ್ಷ ಹಳೇ ಗಾಡಿಗೆ ಆಗುತ್ತದೆ, ಇವಿಷ್ಟನ್ನೂ ಕೇಳಿ. ಚನ್ನಪಟ್ಟಣದಿಂದ ಬೆಂಗಳೂರಿಗೆ ಸುಮಾರು 60 ಕಿ.ಮೀ. ಉಚಿತ ಮಿತಿ 25 ಇದ್ದರೆ ಉಳಿದದ್ದು ಅಪ್ಪನ ಜೇಬಿನಿಂದ ಹೋಗುತ್ತದೆ.

ಕೆಲವರು "ವಿಮೆ ಇದೆಯಲ್ಲ, ಟೋಯಿಂಗ್ ಕೊಡ್ತಾರೆ" ಅಂದುಕೊಂಡಿರುತ್ತಾರೆ. ಸಾಮಾನ್ಯ ಪ್ಯಾಕೇಜ್ ಪಾಲಿಸಿಯಲ್ಲಿ ಅದು ಅಪಘಾತವಾದಾಗ ಮಾತ್ರ. ಅದೂ ಕಾರಿಗೆ 1,500, ದ್ವಿಚಕ್ರಕ್ಕೆ 300 ರೂಪಾಯಿವರೆಗೆ. ಗಾಡಿ ಕೆಟ್ಟು ನಿಂತದ್ದಕ್ಕೆ ಅದು ಬರುವುದಿಲ್ಲ.

ಕಾಯುವ ಹೊತ್ತಿನ ಬಗ್ಗೆ ನಿಜ ಹೇಳಬೇಕು. ಸಂಜೆ ಮಳೆಯಲ್ಲಿ ಸಿಲ್ಕ್ ಬೋರ್ಡ್ ಹತ್ತಿರ ನಿಂತಾಗ ನನಗೆ ನಲವತ್ತೈದು ನಿಮಿಷ ಅಂದಿದ್ದರು. ಬಂದದ್ದು ಎರಡೂವರೆ ಗಂಟೆಗೆ. ನಾವು ಸಿಕ್ಕಿಕೊಂಡ ಟ್ರಾಫಿಕ್ಕಿನಲ್ಲೇ ಟೋಯಿಂಗ್ ಗಾಡಿಯೂ ಸಿಕ್ಕಿಕೊಂಡಿರುತ್ತದೆ, ಅಲ್ವಾ? ಅದಕ್ಕೇ ಬರೀ ಪಂಚರ್‌ಗಾಗಿ ಈ ಪ್ಲಾನ್ ಮೇಲೆ ಭಾರ ಹಾಕುವುದನ್ನು ನಾನು ಒಪ್ಪುವುದಿಲ್ಲ. ಕ್ಲಚ್, ಗೇರ್, ಎಂಜಿನ್ ಕೈಕೊಟ್ಟಾಗ ಮಾತ್ರ ಇದರ ಬೆಲೆ ಗೊತ್ತಾಗುತ್ತದೆ. ಸುಮ್ನೆ ಒಮ್ಮೆ ಹೊರಗಿನಿಂದ ಟೋಯಿಂಗ್ ಕರೆಸಿದರೂ ವರ್ಷದ ಪ್ಲಾನಿನ ದುಡ್ಡು ದಾಟಿಹೋಗುತ್ತದೆ.

ಬ್ಯಾಟರಿ ಇಳಿದದ್ದಾದರೆ ಇಷ್ಟು ದೂರ ಹೋಗಬೇಕಿಲ್ಲ. ಒಂದು ಕಾರಿನ ಬ್ಯಾಟರಿಯಿಂದ ಇನ್ನೊಂದಕ್ಕೆ ಕರೆಂಟ್ ಕೊಡುವ, ಐನೂರು ಆರುನೂರರ ಜಂಪರ್ ಕೇಬಲ್ ಡಿಕ್ಕಿಯಲ್ಲಿದ್ದರೆ ಪಕ್ಕದ ಮನೆಯವರ ಕಾರೇ ಸಾಕು. ಆಟೋಮ್ಯಾಟಿಕ್ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಲು ಆಗುವುದಿಲ್ಲ, ಅಂಥವರು ಇದನ್ನು ಇಟ್ಟುಕೊಳ್ಳಲೇಬೇಕು. ನೀರು ನಿಂತ ಅಂಡರ್‌ಪಾಸಿನಲ್ಲಿ ಎಂಜಿನ್ ನಿಂತರೆ ಮಾತ್ರ ಮತ್ತೆ ಸ್ಟಾರ್ಟ್ ಮಾಡಬೇಡಿ. ಮೊದಲು ಇಳಿದು ಹೊರಗೆ ಬನ್ನಿ. 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಒಂದು ಜೀವ ಹೋದದ್ದನ್ನು ಈ ಊರು ನೋಡಿದೆ. ಕಾರನ್ನು ಆಮೇಲೆ ಎತ್ತಿಸಬಹುದು.

ಎಲೆಕ್ಟ್ರಿಕ್ ಗಾಡಿ ಇರುವವರು ಒಂದು ಮಾತು ನೆನಪಿಡಿ. ಹಗ್ಗ ಕಟ್ಟಿ ಎಳೆಸಬೇಡಿ. ಚಕ್ರ ತಿರುಗಿದರೆ ಮೋಟಾರೂ ತಿರುಗುತ್ತದೆ, ಕೆಡುತ್ತದೆ. ಇಡೀ ಗಾಡಿಯನ್ನು ಮೇಲೆ ಹೊತ್ತೊಯ್ಯುವ ಫ್ಲ್ಯಾಟ್‌ಬೆಡ್ ಲಾರಿಯನ್ನೇ ಕೇಳಿ. ಬಹಳಷ್ಟು ಆಟೋಮ್ಯಾಟಿಕ್ ಕಾರುಗಳಿಗೂ ಇದೇ ಸರಿ. ಪ್ಲಾನ್ ಕೊಳ್ಳುವಾಗ ಫ್ಲ್ಯಾಟ್‌ಬೆಡ್ ಸಿಗುತ್ತದಾ ಎನ್ನುವ ಒಂದು ಪ್ರಶ್ನೆ ಜಾಸ್ತಿ ಕೇಳಿ.

ಹೈವೇ ಹತ್ತಿದ ಮೇಲೆ

ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಎರಡೂ ಬದಿ ಬೇಲಿ. ಪಂಚರ್ ಅಂಗಡಿಗಳು ಇರುವುದು ಸರ್ವಿಸ್ ರಸ್ತೆಯಲ್ಲಿ. 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಬೈಕು, ಆಟೋಗಳಿಗೆ ಪ್ರವೇಶವೂ ಇಲ್ಲ, ಹಾಗಾಗಿ ಬೈಕಿನಲ್ಲಿ ಬಂದು ನೆರವಾಗುವ ಮೆಕಾನಿಕ್ ನಿಮ್ಮವರೆಗೆ ಬರುವಂತಿಲ್ಲ. ಇಲ್ಲಿ ನೆನಪಿಡಬೇಕಾದ ನಂಬರ್ 1033. ಅದು ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ. ತುಮಕೂರು ರಸ್ತೆ, ಹೊಸೂರು ರಸ್ತೆ, ವಿಮಾನ ನಿಲ್ದಾಣದ ಕಡೆಯ ಬಳ್ಳಾರಿ ರಸ್ತೆಗೂ ಅದೇ. ಗಸ್ತು ವಾಹನ, ಕ್ರೇನ್, ಆಂಬುಲೆನ್ಸ್ ಕಳಿಸುವ ವ್ಯವಸ್ಥೆ ಅದು. ನಿಮ್ಮ ಗಾಡಿಯನ್ನು ರಸ್ತೆಯಿಂದ ಬದಿಗೆ ಸೇರಿಸಲು ಅದು ಸಾಕು. ಮನೆಯವರೆಗೆ ತರಲು ನಿಮ್ಮ ಪ್ಲಾನೇ ಬೇಕು. ಭಯ ಆಗುವ ಜಾಗ, ಭಯ ಆಗುವ ಜನ ಇದ್ದರೆ 112.

ಟಯರ್ ಖಾಲಿಯಾಗಿ ಓಡಿಸಿದರೆ ಟಯರ್ ಹಾಳು ಎನ್ನುವುದು ನಿಜ. ಆದರೆ ಮೇಲ್ಸೇತುವೆಯಲ್ಲೋ ಎಕ್ಸ್‌ಪ್ರೆಸ್‌ವೇ ನಡುವಲ್ಲೋ ಇದ್ದರೆ ಇಂಡಿಕೇಟರ್ ಹಾಕಿ, ತೆವಳುತ್ತಾ ಸುರಕ್ಷಿತ ಜಾಗದವರೆಗೆ ಓಡಿಸಿ. ಟಯರ್ ಐದಾರು ಸಾವಿರಕ್ಕೆ ಸಿಗುತ್ತದೆ. ನಿಂತ ಮೇಲೆ ನಾಲ್ಕೂ ಇಂಡಿಕೇಟರ್ ಹೊತ್ತಿಸಿ, ತ್ರಿಕೋನದ ಫಲಕವನ್ನು ಐವತ್ತು ಮೀಟರ್ ಹಿಂದೆ ಇಡಿ. ಕಾರಿನೊಳಗೆ ಕೂರದೆ ಎಲ್ಲರೂ ರಸ್ತೆಯಿಂದ ದೂರ, ತಡೆಬೇಲಿಯ ಆಚೆ ನಿಲ್ಲಿ.

ಹಾಗಾದರೆ ನಿಮಗೆ ಯಾವುದು

ಕೈಯಲ್ಲಿ ಐನೂರು ರೂಪಾಯಿ ಮಾತ್ರ ಇದ್ದರೆ, ಸ್ಕೂಟರಿಗೆ ಸೀಲಂಟ್ ಹಾಕಿಸಿ, ಗೊತ್ತಿರುವ ಎರಡು ಪಂಚರ್ ಅಂಗಡಿಯವರ ನಂಬರ್ ಫೋನಿನಲ್ಲಿ ಇಟ್ಟುಕೊಳ್ಳಿ. ಒಂದು ಮನೆ ಹತ್ತಿರದ್ದು, ಒಂದು ಆಫೀಸ್ ಹತ್ತಿರದ್ದು. ಕಾಲೇಜಿಗೆ ಹೋಗುವ ಮಕ್ಕಳಿಗೆ ಇಷ್ಟು ಸಾಕು. ಅಕ್ಕನಿಗೆ ರಾತ್ರಿಯ ಓಡಾಟ ಇರುವುದರಿಂದ ಬ್ಯಾಟರಿ ಪಂಪನ್ನೂ ಕೊಡಿಸಿದೆ. ಪ್ರತ್ಯೇಕ ಪ್ಲಾನ್ ಬೇಡ ಅಂದೆ, ವಿಮೆ ನವೀಕರಿಸುವಾಗ ಆಡ್-ಆನ್ ಮಾತ್ರ ಸೇರಿಸಿಕೊಂಡಳು.

ಮೂರು ಸಾವಿರ ಖರ್ಚು ಮಾಡಲು ಆದರೆ, ಊರೊಳಗೆ ಕಾರು ಓಡಿಸುವವರಿಗೆ ಸಾಕೆಟ್ ಪಂಪು, ಜಂಪರ್ ಕೇಬಲ್, ವಿಮೆಯ ಆಡ್-ಆನ್. ಹೆಚ್ಚಿನ ಸಂಸಾರಗಳಿಗೆ ಇಲ್ಲಿಗೆ ಮುಗಿಯುತ್ತದೆ. ಸ್ಟೆಪ್ನಿ ಇಲ್ಲದ ಕಾರಿನಲ್ಲಿ ಹೈವೇಗೆ ಹೋಗುವವರು ಇನ್ನೊಂದು ಹೆಜ್ಜೆ ಇಡಬೇಕು. ತಮ್ಮನಿಗೆ ನಾನು ಹೇಳಿದ್ದು, ಜೆ.ಸಿ. ರಸ್ತೆಗೆ ಹೋಗಿ ಅದೇ ಅಳತೆಯ ಒಂದು ಸ್ಟೀಲ್ ರಿಮ್, ಟಯರ್ ವಿಚಾರಿಸು, ಆ ರಿಮ್‌ಗೆ ಯಾವ ನಟ್ಟು ಸರಿಹೋಗುತ್ತದೆ ಎಂಬುದನ್ನೂ ಕೇಳು, ದೂರ ಹೋಗುವ ದಿನ ಮಾತ್ರ ಡಿಕ್ಕಿಗೆ ಹಾಕಿಕೋ ಎಂದು. ಬ್ಯಾಗಿಗೆ ಜಾಗ ಕಡಿಮೆಯಾಗುತ್ತದೆ ಎಂದು ಅವನಿಗೆ ಇಷ್ಟವಾಗಲಿಲ್ಲ. ಹಾಗಿದ್ದರೆ ಟೋಯಿಂಗ್ ಮಿತಿ ಜಾಸ್ತಿ ಇರುವ ಪ್ಲಾನ್ ಇರಲೇಬೇಕು, ಎರಡರಲ್ಲಿ ಒಂದು.

ಅಪ್ಪನಿಗೆ ಮಾತ್ರ ಪ್ರತ್ಯೇಕ ಪ್ಲಾನನ್ನೇ ಮಾಡಿಸಿದೆ. ಹಳೇ ಗಾಡಿ, ಹೈವೇ ದಾರಿ, ಅರವತ್ತೆಂಟು ವಯಸ್ಸು. ಮೂರೂ ಸೇರಿದಾಗ ವರ್ಷಕ್ಕೆ ಎರಡು ಸಾವಿರ ದೊಡ್ಡದಲ್ಲ. ನೂರು ಕಿಲೋಮೀಟರ್ ಉಚಿತ ಟೋಯಿಂಗ್ ಇರುವುದನ್ನೇ ನೋಡಿ ತೆಗೆದೆ. ಮೊದಲು ಬೇಡವೇ ಬೇಡ ಅಂದರು. "ಸ್ಟೆಪ್ನಿ ಇದೆಯಲ್ಲಪ್ಪ" ಎಂದರು. ಸರಿ, ನೋಡೇಬಿಡೋಣ ಎಂದು ಭಾನುವಾರ ಇಬ್ಬರೂ ಡಿಕ್ಕಿ ತೆಗೆದೆವು. ಸ್ಟೆಪ್ನಿಗೆ ಪಂಪು ಹಚ್ಚಿದರೆ ಅದು ತೋರಿಸಿದ್ದು 11. ಸೈಡ್‌ವಾಲ್ ಮೇಲಿನ ನಾಲ್ಕು ಅಂಕಿ ಅಪ್ಪನೇ ಕನ್ನಡಕ ಹಾಕಿಕೊಂಡು ಓದಿದರು: 3512. ಅಂದರೆ 2012ನೇ ಇಸವಿಯ 35ನೇ ವಾರ ತಯಾರಾದ ಟಯರ್. ಒಮ್ಮೆಯೂ ನೆಲ ಮುಟ್ಟದ ಅದರ ರಬ್ಬರ್ ತುಂಬ ಸಣ್ಣ ಸಣ್ಣ ಬಿರುಕು. ಸೋಮವಾರ ಬೆಳಗ್ಗೆ ಅವರೇ ಹೋಗಿ ಹೊಸ ಟಯರ್ ಹಾಕಿಸಿಕೊಂಡು ಬಂದರು.